ವೆನಿಸ್: ಮುಂಜಾನೆ, ಮುಸ್ಸಂಜೆ ಹಿಡಿದು ಸುತ್ತುವುದು ಹೇಗೆ

ವೆನಿಸ್ ಚೆಂದ ಕಾಣುವುದು ಬೆಳಿಗ್ಗೆ ಎಂಟೂವರೆಯೊಳಗೆ, ಆಮೇಲೆ ಸಂಜೆ ಏಳರ ನಂತರ. ನಡುವಿನ ಹೊತ್ತೆಲ್ಲ ಒಂದು ದಿನಕ್ಕೆಂದು ಬಂದವರ ಪಾಲು. ಆಗ ರಿಯಾಲ್ತೊ ಸೇತುವೆ ಹತ್ತಿದರೆ ನಾವು ನಡೆಯಬೇಕಿಲ್ಲ, ಹಿಂದಿನವರೇ ದಬ್ಬಿಕೊಂಡು ಹೋಗುತ್ತಾರೆ. ಹಾಗಾಗಿ ಬೇರೆಲ್ಲದರಲ್ಲಿ ಕೈ ಬಿಗಿಹಿಡಿದರೂ ಸರಿ, ಕಡೇಪಕ್ಷ ಎರಡು ರಾತ್ರಿ ದ್ವೀಪದೊಳಗೇ ತಂಗಿ. ದಡದಾಚೆಯ ಮೆಸ್ತ್ರೆಯಲ್ಲಿ ಕೋಣೆ ಅಗ್ಗ, ರೈಲಿನಲ್ಲಿ ಹತ್ತೇ ನಿಮಿಷ, ನಿಜ. ಆದರೆ ಅಲ್ಲಿ ಉಳಿದವರು ಕಳೆದುಕೊಳ್ಳುವುದು ಆ ಎರಡು ಹೊತ್ತನ್ನೇ.

ವಸಂತ, ಬೇಸಿಗೆಯ ಕೆಲವು ನಿಗದಿತ ದಿನಗಳಲ್ಲಿ ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಪ್ರವೇಶ ಶುಲ್ಕವಿದೆ. 2024ರಲ್ಲಿ ಶುರುವಾದ ಇದು ಮೊದಲೇ ಕಟ್ಟಿದರೆ 5 ಯೂರೊ, ಕೊನೆಗಳಿಗೆಯಲ್ಲಿ ಕಟ್ಟಿದರೆ 10. ರಾತ್ರಿ ತಂಗುವವರಿಗೆ ಇದು ಇಲ್ಲ, ಆದರೆ ವಿನಾಯಿತಿಯ ಕ್ಯೂಆರ್ ಕೋಡ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಂಡಿರಬೇಕು.

ರೈಲಿನಲ್ಲಿ ಬರುವವರು ಟಿಕೆಟ್ ಮೇಲೆ ‘ವೆನೆಜಿಯಾ ಸಾಂತಾ ಲುಚಿಯಾ’ ಎಂದಿದೆಯೇ ನೋಡಿಕೊಳ್ಳಿ. ‘ವೆನೆಜಿಯಾ ಮೆಸ್ತ್ರೆ’ ಎಂಬ ಫಲಕ ಕಂಡು ಅವಸರದಲ್ಲಿ ಇಳಿದುಬಿಡುವವರು ಕಡಿಮೆಯೇನಿಲ್ಲ. ಸಾಂತಾ ಲುಚಿಯಾದ ಮೆಟ್ಟಿಲಿಳಿದರೆ ಎದುರಿಗೇ ಊರಿನ ದೊಡ್ಡ ಕಾಲುವೆ, ಗ್ರ್ಯಾಂಡ್ ಕೆನಾಲ್. ಊರೊಳಗೆ ಕಾರು, ಬಸ್ಸು, ಸೈಕಲ್ ಯಾವುದೂ ಓಡುವುದಿಲ್ಲ. ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು. ಇಪ್ಪತ್ತು ಕಿಲೋ ಸೂಟ್‌ಕೇಸನ್ನು ಮೂರನೇ ಸೇತುವೆಗೆ ಎತ್ತುವಾಗ ಅದರ ಚಕ್ರದ ಬೆಲೆ ಏನೆಂದು ಗೊತ್ತಾಗುತ್ತದೆ. ಆದ್ದರಿಂದ ಕೋಣೆ ಕಾದಿರಿಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಬಾಗಿಲವರೆಗೆ ಎಷ್ಟು ಸೇತುವೆ?

ವಿಳಾಸದ್ದು ಬೇರೆಯೇ ಕಥೆ. ಊರು ಆರು ‘ಸೆಸ್ತಿಯೆರೆ’ಗಳಾಗಿ ಹಂಚಿಹೋಗಿದೆ: ಸಾನ್ ಮಾರ್ಕೊ, ಕಸ್ತೆಲ್ಲೊ, ಕನ್ನರೆಜೊ, ದೊರ್ಸೊದುರೊ, ಸಾನ್ ಪೋಲೊ, ಸಾಂತಾ ಕ್ರೋಚೆ. ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಸೆಸ್ತಿಯೆರೆಗೆ ಒಂದೇ ಸರಣಿ. ಕಸ್ತೆಲ್ಲೊದಲ್ಲಿ ಅದು ಆರು ಸಾವಿರ ದಾಟುತ್ತದೆ. ಪಕ್ಕದ ನಂಬರು ಮೂಲೆ ತಿರುಗಿ ಇನ್ನೊಂದು ಸಂದಿಯಲ್ಲಿರಬಹುದು. ನಂಬರಿನ ಜೊತೆಗೆ ಓಣಿಯ ಹೆಸರು, ಹತ್ತಿರದ ಚರ್ಚು ಅಥವಾ ‘ಕಾಂಪೊ’ (ಚೌಕ) ಬರೆದಿಟ್ಟುಕೊಳ್ಳಿ. ಎತ್ತರದ ಗೋಡೆಗಳ ನಡುವೆ ಫೋನಿನ ನಕ್ಷೆ ನಿಮ್ಮನ್ನು ಪಕ್ಕದ ಕಾಲುವೆಯೊಳಗೆ ನಿಲ್ಲಿಸುತ್ತದೆ. ಅದಕ್ಕಿಂತ ಗೋಡೆಯ ಮೇಲಿನ ಹಳದಿ ಫಲಕಗಳು ವಾಸಿ: ‘ಪೆರ್ ರಿಯಾಲ್ತೊ’, ‘ಪೆರ್ ಸಾನ್ ಮಾರ್ಕೊ’, ‘ಅಲ್ಲಾ ಫೆರೊವಿಯಾ’ ಅಂದರೆ ರೈಲು ನಿಲ್ದಾಣಕ್ಕೆ. ಅಲ್ಲಲ್ಲಿ ಒಂದೇ ಹೆಸರಿಗೆ ಎಡಕ್ಕೂ ಬಲಕ್ಕೂ ಬಾಣವಿರುತ್ತದೆ. ಎರಡೂ ನಿಜ, ಜನ ಕಡಿಮೆಯಿರುವ ಕಡೆ ತಿರುಗಿ.

ನೀರಿನ ಬಸ್ಸು ‘ವಪೊರೆತ್ತೊ’. 75 ನಿಮಿಷದ ಟಿಕೆಟ್ 9.50 ಯೂರೊ, 24 ಗಂಟೆಯ ಪಾಸ್ 25. ದಿನಕ್ಕೆ ಮೂರು ಸಲ ಹತ್ತುವುದಾದರೆ ಪಾಸೇ ಲಾಭ. ಪಾಸಿನ ಗಡಿಯಾರ ಓಡತೊಡಗುವುದು ಮೊದಲ ಸಲ ಯಂತ್ರಕ್ಕೆ ತಾಗಿಸಿದಾಗ, ಕೊಂಡಾಗಲ್ಲ. ಪ್ರತಿ ಸಲವೂ ಹತ್ತುವ ಮುಂಚೆ ತಾಗಿಸಲೇಬೇಕು, ಮರೆತರೆ ದಂಡ. ದೊಡ್ಡ ನಿಲ್ದಾಣಗಳಲ್ಲಿ ಒಂದಕ್ಕಿಂತ ಹೆಚ್ಚು ಜೆಟ್ಟಿಗಳಿದ್ದು, ಎದುರು ದಿಕ್ಕಿನ ದೋಣಿ ಹತ್ತುವುದು ಮಾಮೂಲಿ ತಪ್ಪು. ನಂಬರಿನೊಂದಿಗೆ ಕೊನೆಯ ನಿಲ್ದಾಣದ ಹೆಸರನ್ನೂ ಓದಿ.

ನಂಬರ್ 1 ಗ್ರ್ಯಾಂಡ್ ಕೆನಾಲ್‌ನ ಉದ್ದಕ್ಕೂ ನಿಂತು ನಿಂತು ಹೋಗುತ್ತದೆ. ಕಾರು, ಬಸ್ಸುಗಳ ಕೊನೆಯ ನಿಲ್ದಾಣವಾದ ಪಿಯಾತ್ಸಾಲೆ ರೋಮಾದಿಂದ ಸಾನ್ ಮಾರ್ಕೊಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇದನ್ನು ಹಗಲಲ್ಲಿ ವ್ಯರ್ಥ ಮಾಡಬೇಡಿ. ಕತ್ತಲಾದ ಮೇಲೆ, ಹೊರಗಿನ ಸೀಟು ಸಿಕ್ಕರೆ ಅಲ್ಲಿ ಕೂತು ಹೊರಡಿ. ದೋಣಿ ನೀರಿನ ಮಟ್ಟದಲ್ಲಿರುವುದರಿಂದ ಅರಮನೆಗಳ ಮೇಲಂತಸ್ತಿನ ಕಿಟಕಿಗಳೊಳಗೆ ಕೆಳಗಿನಿಂದ ನೋಟ ಹೋಗುತ್ತದೆ: ಮರದ ತೊಲೆ, ಚಿತ್ರ ಬರೆದ ಚಾವಣಿ, ಗಾಜಿನ ತೂಗುದೀಪ. ಇಷ್ಟು ಚಾವಣಿಗಳನ್ನು ಪುಕ್ಕಟೆ ತೋರಿಸುವ ವಸ್ತುಸಂಗ್ರಹಾಲಯ ಈ ಊರಲ್ಲಿ ಇನ್ನೊಂದಿಲ್ಲ.

ಗೊಂಡೊಲಾ ಬೇಕೆಂದರೆ ಅಧಿಕೃತ ದರ ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ಮೇಲೆ 110. ದರ ಇಡೀ ದೋಣಿಗೆ, ತಲೆಗಲ್ಲ. ಅಲೆ ಎಬ್ಬಿಸುವ ದೊಡ್ಡ ಕಾಲುವೆಗಿಂತ ಒಳಗಿನ ಸಣ್ಣ ಕಾಲುವೆಗಳ ಕಟ್ಟೆಯಿಂದ ಹತ್ತಿದರೆ ನೀರು ಶಾಂತ. ಬರೀ ಅನುಭವ ಸಾಕೆಂದರೆ ‘ತ್ರಗೆತ್ತೊ’ ಇದೆ: ಗ್ರ್ಯಾಂಡ್ ಕೆನಾಲ್‌ನ ಒಂದು ದಡದಿಂದ ಇನ್ನೊಂದಕ್ಕೆ ದಾಟಿಸುವ ಹುಟ್ಟಿನ ದೋಣಿ, 2 ಯೂರೊ. ಸಾಂತಾ ಸೋಫಿಯಾದಲ್ಲಿ ಹತ್ತಿದರೆ ರಿಯಾಲ್ತೊ ಮಾರುಕಟ್ಟೆಗೇ ಇಳಿಯುತ್ತೀರಿ. ನಾಣ್ಯ ಕೈಯಲ್ಲೇ ಇರಲಿ. ಅಂಚಿಗೆ ಕಾಲಿಡದೆ ದೋಣಿಯ ನಟ್ಟನಡುವೆ ಕಾಲಿಡಿ. ನಿಲ್ಲುವುದಾದರೆ ಕಾಲು ಅಗಲಿಸಿ ಮೊಣಕಾಲು ಸಡಿಲ ಬಿಡಿ.

ಮೀನು ಮಾರುಕಟ್ಟೆ ಭಾನುವಾರ, ಸೋಮವಾರ ಇಲ್ಲ. ಉಳಿದ ದಿನ ಎಂಟರೊಳಗೆ ಅಲ್ಲಿರಿ, ಮಧ್ಯಾಹ್ನದ ಹೊತ್ತಿಗೆ ಕಲ್ಲುಹಾಸು ತೊಳೆಯುತ್ತಿರುತ್ತಾರೆ. ತರಕಾರಿಯ ಕಡೆ, ಪಲ್ಲೆಹೂವಿನ (ಆರ್ಟಿಚೋಕ್) ಎಲೆಗಳನ್ನೆಲ್ಲ ಕೊಯ್ದು ಬುಡವನ್ನಷ್ಟೇ ಉಳಿಸಿ, ಕಪ್ಪಾಗದಂತೆ ನಿಂಬೆನೀರಿನ ಬಕೆಟ್ಟಿನಲ್ಲಿ ತೇಲಿಬಿಟ್ಟಿರುತ್ತಾರೆ. ನೋಡುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ತಿನ್ನಲು ಸುತ್ತಲಿನ ‘ಬಾಕರೊ’ಗಳಿಗೆ, ಅಂದರೆ ಸಣ್ಣ ವೈನ್ ಅಂಗಡಿಗಳಿಗೆ, ಹೋಗಿ. ಗಾಜಿನ ಹಿಂದೆ ಜೋಡಿಸಿಟ್ಟ ‘ಚಿಕೆತ್ತಿ’ ಎಂಬ ಸಣ್ಣ ತುಣುಕುಗಳನ್ನು ಬೆರಳಲ್ಲಿ ತೋರಿಸಿದರಾಯಿತು. ಬಿಳಿ ಬೆಣ್ಣೆಯಂತೆ ಕಾಣುವುದು ಒಣಮೀನನ್ನು ಎಣ್ಣೆಯೊಂದಿಗೆ ಅರೆದ ‘ಬಕಲಾ ಮಂತೆಕಾತೊ’. ಈರುಳ್ಳಿ, ವಿನಿಗರ್, ಒಣದ್ರಾಕ್ಷಿಯಲ್ಲಿ ನೆನೆದ ಸಾರ್ಡೀನ್ ಮೀನು ‘ಸಾರ್ದೆ ಇನ್ ಸಾವೊರ್’. ಸಣ್ಣ ಲೋಟದ ವೈನಿಗೆ ‘ಓಂಬ್ರಾ’ ಅನ್ನುತ್ತಾರೆ, ಅರ್ಥ ನೆರಳು. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ ಎರಡೆರಡು ತಿಂದು ಮುಂದಿನದಕ್ಕೆ ನಡೆಯುವುದು ಪದ್ಧತಿ. ಕಾಫಿಯನ್ನೂ ಕೌಂಟರಿನ ಬಳಿ ನಿಂತೇ ಕುಡಿಯಿರಿ. ಕೂತರೆ ದರ ಏರುತ್ತದೆ. ಸಾನ್ ಮಾರ್ಕೊ ಚೌಕದ ಹೋಟೆಲುಗಳು ವಾದ್ಯಗೋಷ್ಠಿಗೂ ಬಿಲ್ಲಿನಲ್ಲಿ ಸೇರಿಸುತ್ತವೆ.

ಅಕ್ಟೋಬರಿನಿಂದ ಚಳಿಗಾಲದುದ್ದಕ್ಕೂ ‘ಅಕ್ವಾ ಆಲ್ತಾ’, ಅಂದರೆ ಉಬ್ಬರದ ನೀರು, ಬರಬಹುದು. 2020ರಿಂದ ಮೋಸೆ ತಡೆಗೇಟುಗಳು ದೊಡ್ಡ ಉಬ್ಬರವನ್ನು ಹೊರಗೇ ತಡೆಯುತ್ತಿವೆ, ಆದರೆ ಅವನ್ನು ಎತ್ತುವುದು ಸುಮಾರು 110 ಸೆಂಟಿಮೀಟರ್ ಮುನ್ಸೂಚನೆ ಇದ್ದಾಗ. ಸಾನ್ ಮಾರ್ಕೊ ಚೌಕವೋ 80–85ಕ್ಕೇ ಒದ್ದೆಯಾಗತೊಡಗುತ್ತದೆ. ಮುನ್ಸೂಚನೆಯಲ್ಲಿ ‘95’ ಎಂದಿದ್ದರೆ ಎದೆಮಟ್ಟದ ನೀರೆಂದು ಹೆದರಬೇಡಿ. 80 ಕಳೆಯಿರಿ, ಉಳಿದದ್ದು ಪಾದ ಮುಳುಗುವಷ್ಟು, ಅದೂ ಕೆಲವು ಗಂಟೆ ಮಾತ್ರ. ನಿಜವಾದ ಅಪಾಯ ಬೇರೆ: ನೀರು ಹರಡಿದಾಗ ದಂಡೆ ಎಲ್ಲಿ ಮುಗಿದು ಕಾಲುವೆ ಎಲ್ಲಿ ಶುರುವೆಂದು ಕಾಣುವುದಿಲ್ಲ. ಗೋಡೆಯ ಪಕ್ಕದಲ್ಲೇ ನಡೆಯಿರಿ.

ಚೌಕದ ಮೆಟ್ಟಿಲ ಮೇಲೆ ಕೂತು ತಿಂದರೆ, ಪಾರಿವಾಳಕ್ಕೆ ಕಾಳು ಹಾಕಿದರೆ ದಂಡ. ಚೌಕದ ದೊಡ್ಡ ಚರ್ಚು ಬಸಿಲಿಕಾಗೆ ಭುಜ, ಮೊಣಕಾಲು ಮುಚ್ಚಿರಬೇಕು, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಮೇಲಿನಿಂದ ಊರು ನೋಡಲು ಅಲ್ಲಿನ ಗಂಟೆಗೋಪುರಕ್ಕಿಂತ ಎದುರಿನ ಸಾನ್ ಜೊರ್ಜೊ ದ್ವೀಪದ್ದು ಉತ್ತಮ. ಲಿಫ್ಟ್ ಇದೆ, ಸಾಲು ಚಿಕ್ಕದು, ಸಾನ್ ಮಾರ್ಕೊ ಕೂಡ ನೋಟದಲ್ಲೇ ಬರುತ್ತದೆ. ಚೌಕದ ಹತ್ತಿರದ ಸಾನ್ ಜಕಾರಿಯಾ ದೋಣಿ ನಿಲ್ದಾಣದಿಂದ ನಂಬರ್ 2ರಲ್ಲಿ ಒಂದೇ ನಿಲ್ದಾಣ. ಗಂಟೆ ಬಾರಿಸುವ ಹೊತ್ತಿಗೆ ಮಾತ್ರ ಮೇಲಿರಬೇಡಿ, ಕಿವಿ ಗುಂಯ್‌ಗುಡುತ್ತದೆ.

ರಾತ್ರಿ ಹತ್ತರ ಮೇಲೆ ಚೌಕಕ್ಕೆ ಮರಳಿ ಬನ್ನಿ. ತಡವಾದರೂ ಚಿಂತೆಯಿಲ್ಲ: ನಡುರಾತ್ರಿಯಿಂದ ‘ಎನ್’ ಎಂಬ ದೋಣಿ ಓಡುತ್ತದೆ, ಹಗಲಿನ ಪಾಸೇ ಅದಕ್ಕೂ ನಡೆಯುತ್ತದೆ.