ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ? ಡಿಕಾಕ್ಷನ್ ಹಾಕಿ ನೋಡಿ
ಉಳಿದ ಕಾಫಿ ಡಿಕಾಕ್ಷನ್ ಅರ್ಧ ಲೋಟ ಕಮೋಡಿನ ಫ್ಲಶ್ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕೆಳಗೆ ಕಮೋಡಿನೊಳಗಿನ ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಟ್ಯಾಂಕ್ ಸೋರುತ್ತಿದೆ. ತಳದ ರಬ್ಬರ್ ವಾಷರ್ ಸವೆದರೆ ನೀರು ಬಿಳಿ ಪಿಂಗಾಣಿ ಮೇಲೆ ತೆಳ್ಳಗೆ, ಸದ್ದಿಲ್ಲದೆ ಜಾರುತ್ತದೆ. ಬಣ್ಣ ಇಲ್ಲದಿದ್ದರೆ ಕಾಣುವುದೇ ಇಲ್ಲ. ನಿಮಿಷಕ್ಕೆ 50 ಮಿಲಿ ಹೋದರೂ ದಿನಕ್ಕೆ 72 ಲೀಟರ್, ಐದಾರು ಬಿಂದಿಗೆ! ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರಿಗೆ ಹೊಟ್ಟೆ ಉರಿಯುತ್ತದೆ ಅಲ್ವಾ? ಸುಮ್ನೆ ವಾಷರ್ ತರುವ ಮುಂಚೆ ಟ್ಯಾಂಕ್ ಒಳಗೆ ಇಣುಕಿ. ನೀರು ನಡುವಿನ ಕೊಳವೆಯ ಬಾಯಿ ದಾಟುತ್ತಿದ್ದರೆ ಫ್ಲೋಟ್ (ನೀರಿನ ಮೇಲೆ ತೇಲುವ ಬುರುಡೆ) ತಗ್ಗಿಸಿದರೆ ಸಾಕು. ನೀಲಿ ಮಾತ್ರೆ ಹಾಕಿದ ಟ್ಯಾಂಕಿನಲ್ಲಿ ಈ ಡಿಕಾಕ್ಷನ್ ಪರೀಕ್ಷೆ ನಡೆಯುವುದಿಲ್ಲ. ಗೋಡೆಯೊಳಗಿನ ಪೈಪ್ ಸೋರಿದರೂ ಇದರಿಂದ ಗೊತ್ತಾಗುವುದಿಲ್ಲ. ಡಿಕಾಕ್ಷನ್ ಬದಲು ಅರಿಶಿನ ಮಾತ್ರ ಬೇಡ, ಕಲೆ ಉಳಿಯುತ್ತದೆ.