ದೇವರ ಭಯವಿಲ್ಲದವಳ ಕೈಗೆ ಲೆಕ್ಕದ ಪುಸ್ತಕ

ನಾನು ದೇವರನ್ನು ನಂಬುವುದಿಲ್ಲ ಎಂಬುದು ತುಮಕೂರಿನ ನಮ್ಮ ಬೀದಿಯಲ್ಲಿ, ಪಾಠ ಹೇಳುವ ಕಾಲೇಜಿನಲ್ಲಿ, ಗಂಡನ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇದನ್ನು ಮುಚ್ಚಿಟ್ಟುಕೊಂಡು ಬದುಕುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಮೂಢನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರಲ್ಲಿ ಪುಣೆಯಲ್ಲಿ ಬೆಳಗಿನ ನಡಿಗೆಯ ಹೊತ್ತಿನಲ್ಲಿ ಗುಂಡಿಕ್ಕಿ ಕೊಂದ ದೇಶದಲ್ಲಿ ಅದನ್ನು ಹೇಡಿತನ ಎನ್ನಲಾರೆ.

ದೇವರಿದ್ದಾನೆಯೇ ಎಂಬ ವಾದಕ್ಕೆ ನನ್ನನ್ನು ಯಾರೂ ಅಷ್ಟಾಗಿ ಕರೆದಿಲ್ಲ. ನಾನು ಎದುರಿಸಿದ್ದು ಬೇರೆಯ ಮಾತು: ದೇವರ ಭಯವೇ ಇಲ್ಲದವಳಿಗೆ ಇನ್ನಾವ ಭಯ? ನೌಕರರ ಪತ್ತಿನ ಸಹಕಾರ ಸಂಘಕ್ಕೆ ಖಜಾಂಚಿಯಾಗಲು ಒಪ್ಪಿದಾಗ ಹಿರಿಯರೊಬ್ಬರು ಸಭೆಯಲ್ಲೇ ಹಾಗೆ ಕೇಳಿದರು. ನಾನು ವಾದಿಸಲಿಲ್ಲ. ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಇರಲಿ, ತಿಂಗಳ ಜಮಾ ಖರ್ಚು ಸೂಚನಾ ಫಲಕಕ್ಕೆ ಬರಲಿ, ಯಾವ ಸದಸ್ಯರಾದರೂ ಪಾಸ್‌ಬುಕ್ ಕೇಳಿ ನೋಡಲಿ ಎಂದೆ. ದಿನವೂ ಪೂಜೆ ಮಾಡುವವರು ಖಜಾಂಚಿಯಾದರೂ ಇವು ಬೇಕೇ ಬೇಕು ಎಂದೂ ಸೇರಿಸಿದೆ. ಮುಂದಿನ ಅವಧಿಗೆ ನನ್ನ ಹೆಸರು ಸೂಚಿಸಿದವರು ಅದೇ ಹಿರಿಯರು.

ಆಗ ಸಿಕ್ಕ ಹೊಗಳಿಕೆಯನ್ನು ಮಾತ್ರ ಒಪ್ಪಿಕೊಳ್ಳಲಾರೆ. 'ದೇವರನ್ನು ನಂಬದವರಲ್ಲಿ ನೀವೊಬ್ಬರು ಬೇರೆ' ಎನ್ನುತ್ತಾರೆ. ನಾನೇನೂ ಬೇರೆಯಲ್ಲ. ನಾಸ್ತಿಕ ಗೋರಾ ಆಂಧ್ರದಲ್ಲಿ ಅಸ್ಪೃಶ್ಯತೆಯ ವಿರುದ್ಧ ದುಡಿದು, ಮಗಳನ್ನು ದಲಿತ ಯುವಕನಿಗೆ ಕೊಟ್ಟು 1948ರಲ್ಲಿ ಗಾಂಧೀಜಿಯ ಸೇವಾಗ್ರಾಮ ಆಶ್ರಮದಲ್ಲೇ ಮದುವೆ ಮಾಡಿದರು. ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ವಿಚಾರವಾದಿ. ಬದುಕಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ಹೊಗಳುವವರ ಮುಂದೆ ಈ ಹೆಸರುಗಳನ್ನು ಇಡುತ್ತೇನೆ.

ಅಪಘಾತದ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಬೇಕಾಯಿತು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಲಾರೆ, ಸತ್ಯನಿಷ್ಠೆಯಿಂದ ಪ್ರಮಾಣೀಕರಿಸುತ್ತೇನೆ ಎಂದೆ. 1969ರ ಪ್ರಮಾಣವಚನ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ, ಸುಳ್ಳು ಹೇಳಿದರೆ ಶಿಕ್ಷೆ ದೇವರ ಹೆಸರೆತ್ತಿದವರಿಗೂ ಎತ್ತದವರಿಗೂ ಒಂದೇ. ನ್ಯಾಯಾಧೀಶರು ತಲೆಯಾಡಿಸಿದರು, ಕೆಲಸ ಮುಂದೆ ಸಾಗಿತು.

ಮನೆಯೊಳಗೆ ಗೆರೆ ಎಳೆಯುವುದೇ ಹೆಚ್ಚು ಕಷ್ಟ. ಗೌರಿ ಹಬ್ಬಕ್ಕೆ ಒಬ್ಬಟ್ಟು ತಟ್ಟುತ್ತೇನೆ, ಪೂಜೆಗೆ ಕೂರುವುದಿಲ್ಲ, ಕೂತವರನ್ನು ಆಡಿಕೊಳ್ಳುವುದೂ ಇಲ್ಲ. ಅತ್ತೆ ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾಗ, ಕಣ್ಣು ಮಂಜಾಗಿದ್ದರಿಂದ, ವಿಷ್ಣು ಸಹಸ್ರನಾಮ ಓದಿ ಹೇಳಮ್ಮ ಎಂದರು. ದಿನವೂ ಓದಿದೆ. ವಿಚಾರವಾದಿ ಗೆಳತಿಯೊಬ್ಬಳಿಗೆ ಇದು ಆಷಾಢಭೂತಿತನವಾಗಿ ಕಂಡಿತು. ನನಗೆ ಹಾಗೆ ಅನ್ನಿಸಿಲ್ಲ. ನಾನು ನಂಬುವುದಿಲ್ಲವೆಂದು ಅತ್ತೆಗೆ ಗೊತ್ತಿತ್ತು, ನೋವಿನಲ್ಲಿರುವ ಹಿರಿಯರಿಗೆ ಅವರದೇ ಸಮಾಧಾನವನ್ನು ಓದಿ ಕೊಡುವುದರಲ್ಲಿ ಮೋಸವೆಲ್ಲಿದೆ? ಆದರೆ 'ನೀನೂ ಒಂದು ಹರಕೆ ಹೊತ್ತುಕೋ' ಎಂದಾಗ, 'ಅದು ನನ್ನಿಂದ ಆಗುವುದಿಲ್ಲ ಅತ್ತೆ' ಎಂದೆ. ಎರಡು ದಿನ ಮುನಿಸಿಕೊಂಡರು. ಓದುವುದನ್ನು ನಾನು ನಿಲ್ಲಿಸಲಿಲ್ಲ. ಮೂರನೆಯ ದಿನ ತಾವಾಗಿಯೇ ಮಾತನಾಡಿಸಿದರು.

ವಿದ್ಯಾರ್ಥಿನಿಯರು ಕೆಲವೊಮ್ಮೆ ತರಗತಿ ಮುಗಿದ ಮೇಲೆ ನಿಂತು, ದೇವರನ್ನು ನಂಬುವುದಿಲ್ಲವೆಂದು ಮನೆಯಲ್ಲಿ ಹೇಳಿಬಿಡಲೇ ಎಂದು ಕೇಳುತ್ತಾರೆ. ಶುಲ್ಕ ಕಟ್ಟುವವರು, ಊಟ ಹಾಕುವವರು, ಓದು ನಿಲ್ಲಿಸಿ ಮದುವೆ ಮಾಡಬಲ್ಲವರು ಒಬ್ಬರೇ ಆಗಿರುವಾಗ ಹೇಳು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಸಂಬಳ ಬರುವವಳ ಧೈರ್ಯವನ್ನು ಹತ್ತೊಂಬತ್ತರ ಹುಡುಗಿಯಿಂದ ಕೇಳುವುದು ಅನ್ಯಾಯ. ಪದವಿ ಮುಗಿಸು, ಕೆಲಸಕ್ಕೆ ಸೇರು, ಆಮೇಲೆ ನಿನ್ನ ಮಾತಿನಲ್ಲಿ ನೀನೇ ಹೇಳು, ಅಲ್ಲಿಯವರೆಗೆ ಮಾತನಾಡಬೇಕೆನಿಸಿದಾಗ ನನ್ನ ಬಳಿ ಬಾ ಎನ್ನುತ್ತೇನೆ.