ಡೊಂಬಿವಲಿಯ ಮಳೆಗಾಲದಲ್ಲಿ ಒಡವೆ ಎತ್ತಿಡುವುದು

ಅಂಗಡಿಯವರು ಕೊಡುವ ಕೆಂಪು ವೆಲ್ವೆಟ್ ಡಬ್ಬಿ ತೋರಿಸಲಿಕ್ಕೆ ಚೆಂದ, ಇಡಲಿಕ್ಕೆ ಅಲ್ಲ. ಒಳಗಿರುವುದು ರಟ್ಟು, ಸ್ಪಂಜು, ಗೋಂದು. ಮೂರೂ ತೇವ ಕುಡಿದು ಒಳಗೇ ಇಟ್ಟುಕೊಳ್ಳುತ್ತವೆ. ಮುಚ್ಚಳದ ಸ್ಪ್ರಿಂಗ್ ಕಬ್ಬಿಣದ್ದು, ಮುಂಬೈ ಪಕ್ಕದ ಈ ಡೊಂಬಿವಲಿಯ ಹವೆಗೆ ಬೇಗ ತುಕ್ಕು ಹಿಡಿಯುತ್ತದೆ. ರೆಕ್ಸಿನ್ನಿನ ಸುರುಳಿ ಪೌಚಿನದು ಬೇರೆ ಪಾಡು: ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಂಟಾಗಿ, ಪದರ ಸುಲಿದು, ಸರದ ಸಂದಿಯಲ್ಲಿ ಕೂತುಬಿಡುತ್ತದೆ. ಸೂಜಿ ಹಿಡಿದು ಕಿತ್ತರೂ ಪೂರ್ತಿ ಬರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ‘ಸೆಟ್’ ಎಂಬ ಲೆಕ್ಕದ್ದು. ಸರ, ಜುಮ್ಕಿ, ಬಳೆ ಜೊತೆಯಾಗಿ ಕೊಂಡದ್ದು, ಜೊತೆಯಾಗಿಯೇ ಇರಲಿ ಎಂದು ಒಂದೇ ಡಬ್ಬಿಗೆ ಹಾಕುತ್ತೇವೆ. ಮುತ್ತಿಗೆ ಸ್ವಲ್ಪ ತೇವ ಬೇಕು, ಬೆಳ್ಳಿಗೆ ಬೇಡವೇ ಬೇಡ, ಅರಗು ತುಂಬಿದ ಒಡವೆಗೆ ನೀರೂ ಆಗದು, ಬಿಸಿಯೂ ಆಗದು. ಹೀಗಾಗಿ ಮೊದಲು ಸೆಟ್ಟುಗಳನ್ನು ಒಡೆದು, ಯಾವುದರಿಂದ ಮಾಡಿದ್ದು ಎಂಬುದನ್ನು ನೋಡಿ ಐದು ಪಾಲು ಮಾಡಿದೆ: ಬರೀ ಚಿನ್ನ, ಹರಳು–ಅರಗಿನವು, ಮುತ್ತು–ಹವಳ, ಬೆಳ್ಳಿ, ಕೊನೆಗೆ ಒಂದು ಗ್ರಾಂ ಚಿನ್ನ ಮತ್ತು ಇಮಿಟೇಶನ್. ಯಾವುದು ಯಾವುದರ ಜೊತೆ ಎಂಬ ಲೆಕ್ಕ ಪುಸ್ತಕದಲ್ಲಿದ್ದರೆ ಸಾಕು, ಡಬ್ಬಿಯಲ್ಲಿ ಇರಬೇಕಾಗಿಲ್ಲ.

ಮುಂಬೈ ಸುತ್ತಮುತ್ತ ಇದು ಇನ್ನೂ ಮುಖ್ಯ. ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವ ಶೇ. 80ರ ಮೇಲೇ ಇರುತ್ತದೆ. ಮಂಗಳಗೌರಿ, ವರಮಹಾಲಕ್ಷ್ಮಿ, ಗಣಪತಿ ಎಲ್ಲವೂ ಬರುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಂದರೆ ಕಪಾಟು ಅತಿ ಹೆಚ್ಚು ಸಲ ತೆರೆಯುವ ತಿಂಗಳುಗಳೇ ಅತಿ ಒದ್ದೆ ತಿಂಗಳುಗಳು.

ಡಬ್ಬಿಗೆ ನಾನು ಬಳಸುವುದು ರಬ್ಬರ್ ಅಂಚಿನ, ನಾಲ್ಕು ಕಡೆ ಕ್ಲಿಪ್ ಇರುವ ಅಡುಗೆಮನೆಯ ಏರ್‌ಟೈಟ್ ಪ್ಲಾಸ್ಟಿಕ್ ಡಬ್ಬಿ, ಮೂರು ಲೀಟರಿನದು. ತಳದಲ್ಲಿ ತ್ರಿಕೋನದೊಳಗೆ 5 ಎಂದಿರಬೇಕು, ಅದು ಪಾಲಿಪ್ರೊಪಿಲೀನ್. 3 ಎಂದಿದ್ದರೆ ಪಿವಿಸಿ, ಬೇಡ. ಕಾಲ ಕಳೆದಂತೆ ಅದರಿಂದ ಹೊರಬರುವ ಪದಾರ್ಥಗಳು ಲೋಹಕ್ಕೆ ಒಳ್ಳೆಯವಲ್ಲ. ಜಿಪ್‌ಲಾಕ್ ಚೀಲ, ಬಟರ್ ಪೇಪರ್, ದಾರ ಕಟ್ಟಿದ ಚಿಕ್ಕ ಚೀಟಿ ಝವೇರಿ ಬಝಾರಿನ ಗಲ್ಲಿಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತವೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಬಿಳಿ ಮಲ್‌ಮಲ್ ಎರಡು ಮೀಟರ್ ತಂದರೆ ಒಂದು ಮನೆಗೆ ಸಾಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಅದು ತೇವವನ್ನೂ ಎಳೆಯುತ್ತದೆ, ಹುಳವನ್ನೂ ಕರೆಯುತ್ತದೆ. ಎರಡು ಸಲ ಬಿಸಿನೀರಿನಲ್ಲಿ ಒಗೆದು, ನೀಲಿ–ಬ್ಲೀಚು ಹಾಕದೆ ಬಿಸಿಲಿಗೆ ಒಣಗಿಸಿ ಆಮೇಲೆ ಕತ್ತರಿಸಬೇಕು. ಅಕ್ಕಸಾಲಿಗರು ಸುತ್ತಿಕೊಡುವ ಗುಲಾಬಿ ಕಾಗದ ಮನೆ ತಲುಪಿದ ದಿನವೇ ತೆಗೆದುಬಿಡಿ. ಒಂದು ಹನಿ ನೀರು ಬಿದ್ದರೆ ಅದರ ಬಣ್ಣ ಮುತ್ತಿಗೂ ಬಟ್ಟೆಗೂ ಇಳಿಯುತ್ತದೆ.

ಬರೀ ಚಿನ್ನದ್ದು ಸುಲಭ. ಚಿನ್ನ ತಾನಾಗಿ ಕಪ್ಪಾಗುವುದಿಲ್ಲ. 22 ಕ್ಯಾರೆಟ್ಟಿನಲ್ಲಿ ಶೇ. 91.6 ಚಿನ್ನ, ಉಳಿದದ್ದು ತಾಮ್ರ–ಬೆಳ್ಳಿ. ಅದರ ಕಷ್ಟ ಮೆತ್ತಗಿರುವುದು. ಗಾಜಿನ ಬಳೆಯ ಪಕ್ಕದಲ್ಲಿಟ್ಟರೂ ಗೀರು ಬೀಳುತ್ತದೆ, ಹರಳಿನ ಉಂಗುರದ ಪಕ್ಕದಲ್ಲಿ ಕೇಳುವುದೇ ಬೇಡ. ಬಳೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಬರುವ ರಟ್ಟಿನ ಕೊಳವೆ ತೆಗೆದುಕೊಂಡು, ಅದಕ್ಕೆ ಮಲ್‌ಮಲ್ ಸುತ್ತಿ ದಪ್ಪ ಮಾಡುತ್ತೇನೆ. 2-4 ಅಳತೆಯ ಬಳೆಯ ಒಳವ್ಯಾಸ ಸುಮಾರು 57 ಮಿ.ಮೀ., 2-6ರದ್ದು 60. ಬಟ್ಟೆ ಸುತ್ತಿದ ಕೊಳವೆಯ ವ್ಯಾಸ ಅದಕ್ಕಿಂತ ಎರಡು ಮಿ.ಮೀ. ಕಡಿಮೆ ಇದ್ದರೆ ಬಳೆ ಅಲುಗಾಡದೆ ನಿಲ್ಲುತ್ತದೆ. ಎರಡು ಬಳೆಯ ನಡುವೆ ಬಟ್ಟೆಯ ಪಟ್ಟಿಯೊಂದನ್ನು ಹಾವಿನಂತೆ ಹಾಯಿಸಿದರೆ ಕೆತ್ತನೆ ಕೆತ್ತನೆಗೆ ತಾಗುವುದಿಲ್ಲ.

ಓಲೆಗಳಿಗೆ ವಾರದ ಮಾತ್ರೆ ಹಾಕುವ 28 ಗೂಡಿನ ಪೆಟ್ಟಿಗೆ. ಒಂದು ಗೂಡಿಗೆ ಒಂದು ಜೊತೆ, ತಿರುಪು ಹಾಕಿಯೇ ಇಡಬೇಕು. ಕಳೆಯುವುದು ಯಾವಾಗಲೂ ತಿರುಪೇ. ಒಂದರ ತಿರುಪು ಇನ್ನೊಂದಕ್ಕೆ ತಿರುವಿದರೆ ತಿರುಪಿನ ಗೆರೆ ಸವೆದು ಎರಡೂ ಸಡಿಲವಾಗುತ್ತವೆ. ಜುಮ್ಕಿಯ ಬಟ್ಟಲೊಳಗೆ ಬಟರ್ ಪೇಪರಿನ ಉಂಡೆ ತುಂಬಿ ನಿಲ್ಲಿಸಿಟ್ಟರೆ ಅಂಚು ನಗ್ಗುವುದಿಲ್ಲ.

ತೆಳು ಚೈನಿನದು ಬೇರೆ ಗೋಳು. ಮುದ್ದೆ ಮಾಡಿ ಚೀಲಕ್ಕೆ ಹಾಕಿದರೆ ತಾನೇ ಗಂಟಾಗುತ್ತದೆ. ಜ್ಯೂಸಿನ ಕಾಗದದ ಸ್ಟ್ರಾ ಒಂದನ್ನು ಚೈನಿನ ಅರ್ಧ ಉದ್ದಕ್ಕೆ ಕತ್ತರಿಸಿ, ಅದರೊಳಗಿಂದ ಚೈನನ್ನು ಹಾಯಿಸಿ, ಹೊರಗೆ ಕೊಂಡಿ ಸಿಕ್ಕಿಸಬೇಕು. ಆಗ ಅರ್ಧ ಒಳಗೆ, ಅರ್ಧ ಹೊರಗೆ, ಸುತ್ತಿಕೊಳ್ಳಲಿಕ್ಕೆ ಜಾಗವೇ ಇರುವುದಿಲ್ಲ. ಈಗಾಗಲೇ ಗಂಟಾಗಿದ್ದರೆ ಗಾಜಿನ ತಟ್ಟೆಯ ಮೇಲಿಟ್ಟು, ಗಂಟಿಗೆ ಒಂದು ಹನಿ ತೆಂಗಿನೆಣ್ಣೆ ಬಿಟ್ಟು, ಎರಡು ಹೊಲಿಗೆ ಸೂಜಿಗಳಿಂದ ನಡುವೆ ಚುಚ್ಚಿ ಅಗಲಿಸಿ. ತುದಿ ಹಿಡಿದು ಎಳೆಯಬೇಡಿ. ಎಳೆದಷ್ಟೂ ಗಂಟು ಬಿಗಿಯುತ್ತದೆ, ಬೆಸುಗೆಯ ಕೊಂಡಿ ಬಾಯಿ ಬಿಡುತ್ತದೆ. ಮಧ್ಯದ ಕುಣಿಕೆ ಸಡಿಲವಾದರೆ ಉಳಿದದ್ದು ತಾನೇ ಜಾರುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಎಣ್ಣೆ ತೊಳೆಯುವುದನ್ನು ಮರೆಯಬೇಡಿ, ಎಣ್ಣೆಗೆ ಧೂಳು ಹತ್ತುತ್ತದೆ.

ಎರಡನೇ ಡಬ್ಬಿಯಲ್ಲಿ ಕುಂದನ, ಪೋಲ್ಕಿ (ಸಾಣೆ ಹಿಡಿಯದ ವಜ್ರ), ಕೆಂಪಿನ ಹರಳಿನವು ಮತ್ತು ಒಳಗೆ ಅರಗಿರುವವು. ಬೋರಮಾಳ ಸರದ ಗುಂಡುಗಳು, ಕೆಲವು ಪಾಟ್ಲಿ ಬಳೆಗಳು ಮೇಲೆ ತೆಳು ಚಿನ್ನ, ಒಳಗೆ ಅರಗು. ಕುಂದನದಲ್ಲಿ ಹರಳಿನ ಬೆನ್ನಿಗೆ ಹೊಳಪಿನ ತಗಡಿರುತ್ತದೆ. ನೀರು ಒಳಹೊಕ್ಕರೆ ತಗಡು ಕಪ್ಪಾಗಿ ಹರಳು ಕಣ್ಣು ಮಂಕಾದಂತೆ ಕಾಣುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ, ಬಿಚ್ಚಿ ಮತ್ತೆ ಕೂರಿಸಬೇಕು. ಹೀಗಾಗಿ ಇವನ್ನು ತೊಳೆಯುವ ಮಾತೇ ಇಲ್ಲ, ಒಣ ಬ್ರಷ್ ಅಷ್ಟೇ. ಹತ್ತಿಯಲ್ಲಿ ನೇರವಾಗಿ ಸುತ್ತಿದರೆ ಎಳೆಗಳು ಹರಳಿನ ಹಿಡಿಗೆ ಸಿಕ್ಕಿಕೊಂಡು, ಬಿಡಿಸುವಾಗ ಹಿಡಿಯನ್ನೇ ಎತ್ತಿಬಿಡುತ್ತವೆ. ಮೊದಲು ಬಟರ್ ಪೇಪರ್, ಅದರ ಮೇಲೆ ಹತ್ತಿ, ಆಮೇಲೆ ಜಿಪ್‌ಲಾಕ್. ಠುಶಿಯಂಥ ಬಿಗಿ ಹೆಣಿಗೆಯ ಸರವನ್ನು ಮಡಚದೆ ಕುತ್ತಿಗೆಯ ಆಕಾರದಲ್ಲೇ ಮಲಗಿಸಿ ಇಡಬೇಕು. ಒಮ್ಮೆ ಮಡಚಿದ ಗುರುತು ಬಿದ್ದರೆ ಕೊರಳ ಮೇಲೆ ಸಮನಾಗಿ ಕೂರುವುದಿಲ್ಲ. ಈ ಡಬ್ಬಿ ಮಾಳಿಗೆಯ ಲಾಫ್ಟಿಗೆ ಹೋಗಬಾರದು. ಮೇ ತಿಂಗಳ ಬಿಸಿಗೆ ಅರಗು ಮೆತ್ತಗಾಗುತ್ತದೆ. ಪಚ್ಚೆಯನ್ನೂ ಇಲ್ಲೇ ಇಡುತ್ತೇನೆ, ಒಣಗಿಸುವ ಪೊಟ್ಟಣದಿಂದ ದೂರದ ಮೂಲೆಯಲ್ಲಿ. ಬಹುಪಾಲು ಪಚ್ಚೆಗೆ ಬಿರುಕು ಮುಚ್ಚಲು ಎಣ್ಣೆ ಕುಡಿಸಿರುತ್ತಾರೆ, ಬಿಸಿ ಸೋಪಿನ ನೀರು ಅದನ್ನು ಹೊರತೆಗೆಯುತ್ತದೆ.

ಮುತ್ತು, ಹವಳ ಏರ್‌ಟೈಟ್ ಡಬ್ಬಿಗೆ ಸೇರುವುದಿಲ್ಲ. ಮುತ್ತಿನ ಪದರಗಳಲ್ಲಿ ಸುಣ್ಣದ ಅಂಶದ ಜೊತೆ ಸ್ವಲ್ಪ ತೇವವೂ ಇರುತ್ತದೆ, ತೀರಾ ಒಣಗಿದರೆ ಮೇಲ್ಮೈ ಬಿರಿಯುತ್ತದೆ. ಮಲ್‌ಮಲ್ ಚೀಲದಲ್ಲಿ, ಕಪಾಟಿನ ಡ್ರಾಯರಿನಲ್ಲಿ ಮಲಗಿಸಿ ಇಡುತ್ತೇನೆ. ತೂಗುಹಾಕಿದರೆ ರೇಷ್ಮೆ ದಾರ ಜಗ್ಗಿ ಮುತ್ತಿಗೂ ಗಂಟಿಗೂ ನಡುವೆ ಸಂದು ಕಾಣುತ್ತದೆ. ಸಂದು ಕಂಡರೆ ದಾರ ಬದಲಿಸುವ ಹೊತ್ತು ಬಂತೆಂದೇ ಲೆಕ್ಕ. ಮುತ್ತಿನ ಮೂಗುತಿ ನಥ್ ಕೂಡ ಇಲ್ಲಿಗೇ. ಅದಕ್ಕೆ ಗಟ್ಟಿ ಪುಟ್ಟ ಡಬ್ಬಿ ಬೇಕು, ಇಲ್ಲದಿದ್ದರೆ ತಂತಿ ಬಗ್ಗುತ್ತದೆ. ಹುಣಸೆಹಣ್ಣು, ನಿಂಬೆ, ಅಂಟುವಾಳದ ನೀರು ಯಾವುದೂ ಮುತ್ತು–ಹವಳಕ್ಕೆ ಬೇಡ, ಹುಳಿ ಹೊಳಪನ್ನು ತಿನ್ನುತ್ತದೆ. ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಮುತ್ತು ಕೊರಳಿಗೆ, ಬಿಚ್ಚುವಾಗ ಅದೇ ಮೊದಲು.

ಬೆಳ್ಳಿಯನ್ನು ಕಪ್ಪು ಮಾಡುವುದು ಗಾಳಿಯ ಗಂಧಕ, ತೇವ ಅದಕ್ಕೆ ಜೊತೆ. ಚರಂಡಿ ನಾಲೆ, ಖಾಡಿಯ (ಕಡಲ ಹಿನ್ನೀರಿನ) ಹತ್ತಿರದ ಮನೆಗಳಲ್ಲಿ ಕೊಳಚೆಯಿಂದ ಏಳುವ ಅನಿಲಕ್ಕೆ ಏಸಿಯ ತಾಮ್ರದ ಕೊಳವೆಯೇ ಕಪ್ಪಾಗಿ ತೂತಾಗುವುದುಂಟು, ಕಾಲ್ಗೆಜ್ಜೆ ಎಷ್ಟರದು! ರಬ್ಬರ್ ಬ್ಯಾಂಡ್ ಹಾಕಿ ಇಡುವುದು ದೊಡ್ಡ ತಪ್ಪು. ಅದರಲ್ಲೂ ಗಂಧಕ ಇದೆ, ಬ್ಯಾಂಡ್ ಇದ್ದ ಕಡೆ ಕರೀ ಗೆರೆ ಮೂಡುತ್ತದೆ. ಉಣ್ಣೆ ಬಟ್ಟೆಯೂ ಬೇಡ. ಒಂದೊಂದನ್ನೂ ಬೇರೆ ಜಿಪ್‌ಲಾಕಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಡಬ್ಬಿಯಲ್ಲಿ ಎರಡು ತುಂಡು ಸೀಮೆಸುಣ್ಣ ಇಡುತ್ತೇನೆ. ಡಾಂಬರು ಗುಳಿಗೆ ಬೇಡ, ಕೆಲವು ಪ್ಲಾಸ್ಟಿಕ್ಕನ್ನು ಅದು ಮೆತ್ತಗೆ ಮಾಡುತ್ತದೆ.

ಕಪ್ಪಾದದ್ದಕ್ಕೆ ಹಲ್ಲುಪುಡಿ ತಿಕ್ಕುವ ಅಭ್ಯಾಸ ಬಿಡುವುದು ಒಳ್ಳೆಯದು, ಪ್ರತಿ ಸಲವೂ ಒಂದಿಷ್ಟು ಬೆಳ್ಳಿಯೇ ಹೋಗುತ್ತದೆ. ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಎರಡು ಚಮಚ ಅಡುಗೆ ಸೋಡಾ, ಒಂದು ಚಿಕ್ಕ ಚಮಚ ಉಪ್ಪು ಉದುರಿಸಿ, ಒಂದು ಲೀಟರ್ ಕುದಿನೀರು ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಗಂಧಕ ಬೆಳ್ಳಿಯನ್ನು ಬಿಟ್ಟುಹೋಗುತ್ತಿದೆ. ಐದು ನಿಮಿಷ ಸಾಕು. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಗೆ ಇದನ್ನು ಮಾಡಿದರೆ ಕೆತ್ತನೆಯ ಕಪ್ಪೆಲ್ಲ ಅಳಿದು ಬೋಳಾಗುತ್ತದೆ. ಹರಳು, ಮುತ್ತು ಇದ್ದರೂ ಬೇಡ.

ಇಮಿಟೇಶನ್ನಿನ ಮೈ ಹಿತ್ತಾಳೆ, ಮೇಲಿನ ಚಿನ್ನ ಬರೀ ಲೇಪ. ಒಂದಕ್ಕೊಂದು ಚೀಲ, ಬೆವರು ಒರೆಸದೆ ಒಳಗೆ ಹೋಗಕೂಡದು. ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಅಸಲಿಯ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಅವಸರದಲ್ಲಿ ಅದಲುಬದಲಾಗುತ್ತದೆ.

ಚಿನ್ನ, ಹರಳು, ಬೆಳ್ಳಿಯ ಡಬ್ಬಿಗಳಿಗೆ ತಲಾ 5 ಗ್ರಾಮಿನ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಿಸುವ ಕಾಳು ಒಳ್ಳೆಯದು: ಕಿತ್ತಳೆ ಹಸಿರಾದರೆ, ನೀಲಿ ಗುಲಾಬಿಯಾದರೆ ತುಂಬಿತು ಎಂದು. ತುಂಬಿದ ಮೇಲೆ ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಕಾಳನ್ನು ಹೊರತೆಗೆದು, ಅಡುಗೆಗೆ ಬಳಸದ ಹಳೇ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 120 ಡಿಗ್ರಿಗೆ ಒಂದೂವರೆ ಗಂಟೆ ಇಟ್ಟರೆ ಮತ್ತೆ ಮೊದಲಿನ ಬಣ್ಣ. ನೀಲಿ ಕಾಳಿನಲ್ಲಿ ಕೋಬಾಲ್ಟ್ ಇರುವುದರಿಂದ ನಾನು ಅದನ್ನು ಮನೆಗೆ ತರುವುದಿಲ್ಲ. ಜೂನ್ ಮೊದಲ ವಾರ ಒಮ್ಮೆ, ಗಣಪತಿ ಮುಗಿದ ಮೇಲೆ ಒಮ್ಮೆ ಒಣಗಿಸಿದರೆ ವರ್ಷ ಸಾಗುತ್ತದೆ. ಗೋದ್ರೇಜ್ ಕಪಾಟನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಮಳೆಯಲ್ಲಿ ಆ ಗೋಡೆ ಬೆವರುತ್ತದೆ; ನಾಲ್ಕು ಬೆರಳು ಜಾಗ ಬಿಡಿ. ಕೆಳಗಿನ ಖಾನೆಯೂ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 944 ಮಿ.ಮೀ. ಮಳೆ ಸುರಿದು ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ.

ಹಾಕಿಕೊಂಡದ್ದನ್ನು ಬಿಚ್ಚಿದ ಕೂಡಲೇ ಡಬ್ಬಿಗೆ ಹಾಕಬೇಡಿ. ಹರಳು–ಅರಗಿನವು ಬಿಟ್ಟು ಉಳಿದದ್ದನ್ನು ಒದ್ದೆ ಮಲ್‌ಮಲ್‌ನಿಂದ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಫ್ಯಾನಿನ ಕೆಳಗೆ ಎರಡು ಗಂಟೆ. ಕರಿಮಣಿ ದಾರದ್ದಾದರೆ ರಾತ್ರಿಯಿಡೀ. ಮಣಿ ಒಣಗಿದರೂ ಒಳಗಿನ ದಾರ ಒದ್ದೆಯಿರುತ್ತದೆ. ಬರೀ ಚಿನ್ನವನ್ನು ತೊಳೆಯುವಾಗ ಪಾತ್ರೆಯ ಮೇಲೆ ತೊಳೆಯಿರಿ, ಬೇಸಿನ್ನಿನ ಮೇಲಲ್ಲ. ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಅದೇ ಡ್ರಾಯರಿನಲ್ಲಿದ್ದರೆ ಇವತ್ತೇ ತೆಗೆಯಿರಿ. ಒಡೆದರೆ ಪಾದರಸ ತಾಗಿದ ಚಿನ್ನ ಬೆಳ್ಳಗಾಗುತ್ತದೆ, ಒರೆಸಿದರೆ ಹೋಗದು.

ಅಡಗಿಸಿಡುವ ಜಾಗದ ಬಗ್ಗೆ ಒಂದೇ ಮಾತು: ಅಕ್ಕಿ ಡಬ್ಬಿ, ಹಳೇ ಸೀರೆಯ ಮಡಿಕೆ, ಪೇಪರಿನ ಪೊಟ್ಟಣ ಬೇಡ. ಸೀರೆ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಬೋಹಾರಿಣಿಯ ಕೈಗೆ ಹೋಗುತ್ತದೆ, ಪೊಟ್ಟಣ ರದ್ದಿಗೆ. ವರ್ಷಕ್ಕೆ ಎರಡು ಸಲವೂ ಹಾಕದ್ದು ಬ್ಯಾಂಕಿನ ಲಾಕರಿಗೆ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ಮೋಸಕ್ಕೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ ಮೂರು ಸಾವಿರವಾದರೆ ಮೂರು ಲಕ್ಷ, ಅಷ್ಟೇ. ಲಾಕರಿಗೆ ಹೋಗುವ ಪೊಟ್ಟಣದಲ್ಲೂ ಸಿಲಿಕಾ ಜೆಲ್ ಇರಲಿ. ಮುತ್ತನ್ನು ಲಾಕರಿನಲ್ಲಿ ವರ್ಷಗಟ್ಟಲೆ ಬಿಡಬೇಡಿ.

ಪುಸ್ತಕ ಒಂದು ಇನ್ನೂರು ಪುಟದ್ದು. ಪ್ರತಿ ಒಡವೆಗೆ ಒಂದು ಸಂಖ್ಯೆ, ಅದೇ ಸಂಖ್ಯೆ ದಾರದ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ. ಇಂಕು ತೇವಕ್ಕೆ ಹರಡುತ್ತದೆ. ಒಟ್ಟು ತೂಕ, ಹರಳು–ಅರಗು ಕಳೆದ ತೂಕ, ಕ್ಯಾರೆಟ್, ಹಾಲ್‌ಮಾರ್ಕಿನ ಆರು ಅಕ್ಷರ–ಅಂಕಿಯ ಎಚ್‌ಯುಐಡಿ, ಬಿಲ್ಲಿನ ದಿನಾಂಕ, ಜೊತೆಗೆ ಯಾವ ಸೆಟ್ಟಿನದು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಹಳೇ ಚೀಟಿಗಳಲ್ಲಿ ತೊಲದ ಲೆಕ್ಕವಿದ್ದರೆ 11.66 ಗ್ರಾಮಿನಿಂದ ಗುಣಿಸಬೇಕು. ಈಗ ಅಂಗಡಿಯಲ್ಲಿ ತೊಲ ಎಂದರೆ 10 ಗ್ರಾಮು, ಅಲ್ಲೇ ಮನೆಮನೆಗಳಲ್ಲಿ ಜಗಳ ಹುಟ್ಟುವುದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಿಂದ ದೀಪಾವಳಿಗೆ ಒಮ್ಮೆ ತೂಗಿ ಪಕ್ಕದಲ್ಲಿ ಬರೆಯುತ್ತೇನೆ. ದಿನ ಹಾಕುವ ಚೈನು ಸವೆಯುವುದು ಸಹಜ. ಎತ್ತಿಟ್ಟದ್ದು ಕಡಿಮೆಯಾಗಿದ್ದರೆ ಹರಳು ಉದುರಿದೆಯೇ, ಕೊಂಡಿ ಹೋಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಫೋಟೊಗಳನ್ನು ಗ್ರಾಫ್ ಕಾಗದದ ಮೇಲಿಟ್ಟು, ಮುಂದೆ ಹಿಂದೆ ಎರಡೂ ಬದಿ, ಕಿಟಕಿಯ ಬೆಳಕಿನಲ್ಲಿ ತೆಗೆಯುತ್ತೇನೆ. ಪುಸ್ತಕ ಇರುವುದು ಒಡವೆಯ ಕಪಾಟಿನಲ್ಲಿ ಅಲ್ಲ, ಅಡುಗೆಮನೆಯಲ್ಲಿ ಗ್ಯಾಸಿನ ಪುಸ್ತಕ, ಮೀಟರಿನ ಬಿಲ್ಲುಗಳ ಫೈಲಿನಲ್ಲಿ.